ಯಾವ ಸಿಮ್ಮು, ಯಾವ ಸೆಟ್ಟು? ನಮ್ಮ ಸೀಮೆಯ ಫೋನಿನ ಒಂದು ಹಿನ್ನೋಟ

ಹಾಸನ ಜಿಲ್ಲೆಯ ಚರಿತ್ರೆ ಬರೆಯಿರಿ ಎಂದರೆ ಯಾರಾದರೂ ಹೊಯ್ಸಳರಿಂದಲೇ ಶುರು ಮಾಡುತ್ತಾರೆ. ಬೇಲೂರು ಹಳೇಬೀಡಿನ ಶಿಲ್ಪ, ಶ್ರವಣಬೆಳಗೊಳದ ಗೊಮ್ಮಟ, ಗೊರೂರಿನ ಅಣೆಕಟ್ಟು ಇವಿಷ್ಟು ಬಂದರೆ ಲೇಖನ ಮುಗಿಯಿತು. ಸ್ಮರಣ ಸಂಚಿಕೆಯ ಸಮಿತಿಯವರು ನನ್ನನ್ನು ಕೇಳಿದ್ದು ಅದಲ್ಲ. "ಮೇಷ್ಟ್ರೇ, ನಮ್ಮ ಸಂಘ ಶುರುವಾದಾಗ ಊರಿಗೆಲ್ಲ ಒಂದೋ ಎರಡೋ ಫೋನಿದ್ವು. ಈಗ ಒಂದೊಂದು ಮನೇಲಿ ಮೂರು ನಾಲ್ಕಿವೆ. ಆದ್ರೂ ಡೇರಿ ಮುಂದೆ ನಿಂತ್ಕೊಂಡು 'ಹಲೋ, ಹಲೋ, ಕೇಳ್ತಾ ಇದೆಯಾ' ಅಂತ ಕೂಗೋದು ತಪ್ಪಿಲ್ಲ. ಯಾವ ಸಿಮ್ಮು ತಗೋಬೇಕು, ಯಾವ ಸೆಟ್ಟು ತಗೋಬೇಕು ಅಂತ ದಿನಾ ಕೇಳ್ತಾರೆ. ಅದನ್ನೇ ಸ್ವಲ್ಪ ಹಿಂದಿನಿಂದ ಬರೆದುಕೊಡಿ" ಎಂದರು. ಒಪ್ಪಿಕೊಂಡೆ. ಇದೂ ಚರಿತ್ರೆಯೇ ತಾನೆ.

ನಮ್ಮ ಸೀಮೆ ಎಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕು ಎಂದು ಇಟ್ಟುಕೊಂಡಿದ್ದೇನೆ. ನಾವು ಹೆಣ್ಣು ಕೊಡುವುದು ತರುವುದು, ಸಂತೆ, ಆಸ್ಪತ್ರೆ, ಕೋರ್ಟು, ಕಾಲೇಜು ಎಲ್ಲ ಹೆಚ್ಚಾಗಿ ಇಷ್ಟರೊಳಗೇ. ಹಾಗಾಗಿ ನಮ್ಮ ಫೋನೂ ಇಷ್ಟರೊಳಗೇ ಹೆಚ್ಚು ಓಡಾಡುತ್ತದೆ.

ಟ್ರಂಕ್ ಕಾಲ್ ಕಂಡವರೆಲ್ಲ ಈಗ ವಯಸ್ಸಾದವರು. ಬೆಂಗಳೂರಿನಲ್ಲಿರುವ ಮಗನಿಗೆ ಸುದ್ದಿ ಮುಟ್ಟಿಸಬೇಕಾದರೆ ಪೇಟೆಯ ಅಂಚೆ ಕಚೇರಿಗೆ ಹೋಗಿ, ನಂಬರು ಬರೆಸಿ, ಬೆಂಚಿನ ಮೇಲೆ ಕೂರಬೇಕು. ಸಾಮಾನ್ಯ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ. ಇಂಥವರೇ ಫೋನಿಗೆ ಬರಬೇಕು ಎಂದರೆ ಪಿ.ಪಿ. ಕಾಲ್, ಅದಕ್ಕೆ ಇನ್ನಷ್ಟು. ಬೆಳಿಗ್ಗೆ ಬುಕ್ ಮಾಡಿದ ಕರೆ ಸಾಯಂಕಾಲದ ಬಸ್ಸಿನೊಳಗೆ ಸಿಕ್ಕಿದರೆ ಪುಣ್ಯ. ಮನೆಗೆ ಫೋನು ಹಾಕಿಸುವವರು ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯಬೇಕಿತ್ತು. ಸಿಕ್ಕಿದ್ದು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ಕರಿಯ ಫೋನು. 1948ರಲ್ಲಿ ಶುರುವಾದ ಆ ಕಾರ್ಖಾನೆಯೇ ದೇಶಕ್ಕೆಲ್ಲ ಫೋನು ಕೊಡುತ್ತಿತ್ತು. ಆಯ್ಕೆ ಎಂಬ ಮಾತೇ ಇರಲಿಲ್ಲ. ಕಂಪನಿ ಒಂದು, ಸೆಟ್ಟು ಒಂದು, ಬಣ್ಣವೂ ಒಂದು.

ಇದೇ ಕಾಲಕ್ಕೆ ನಮ್ಮ ಜಿಲ್ಲೆಯಲ್ಲಿ ಒಂದು ವಿಚಿತ್ರ ನಡೆಯಿತು. 1982ರಲ್ಲಿ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಬಂತು. ಆ ವರ್ಷ ಹಾರಿಸಿದ ಇನ್ಸಾಟ್-1ಎ ಕೆಲವೇ ತಿಂಗಳಿಗೆ ಕೈಕೊಟ್ಟಿತು. 1983ರ ಇನ್ಸಾಟ್-1ಬಿ ನಿಂತಿತು, ಟಿ.ವಿ., ಟೆಲಿಫೋನು, ಹವಾಮಾನ ಮೂರಕ್ಕೂ ದುಡಿಯಿತು. ಅಂದರೆ 36 ಸಾವಿರ ಕಿ.ಮೀ. ಮೇಲಿರುವ ಉಪಗ್ರಹದ ಜೊತೆ ಹಾಸನದವರು ಹಗಲೂ ರಾತ್ರಿ ಮಾತಾಡುತ್ತಿದ್ದರು. ಮೂವತ್ತು ನಲವತ್ತು ಕಿ.ಮೀ. ದೂರದ ಹಳ್ಳಿಗೆ ಮಾತ್ರ ಸಾವಿನ ಸುದ್ದಿಯೂ ಆಳಿನ ಕೈಲೇ ಬರಬೇಕಿತ್ತು. ಇದನ್ನು ಯಾರ ಮೇಲೂ ದೂರು ಎಂದು ಹೇಳುತ್ತಿಲ್ಲ. ದೊಡ್ಡ ಯಂತ್ರ ಊರ ಪಕ್ಕಕ್ಕೆ ಬಂದ ಮಾತ್ರಕ್ಕೆ ನಮ್ಮ ಮನೆಗೆ ಬಂದ ಹಾಗಲ್ಲ ಎಂಬುದು ಮುಂದೆ ಟವರುಗಳ ವಿಷಯದಲ್ಲೂ ನಿಜವಾಯಿತು, ಅದಕ್ಕೆ ಹೇಳಿದೆ.

ಹಳ್ಳಿಗೆ ಫೋನು ಬರುವ ದಾರಿ ತೆರೆದದ್ದು ಸಣ್ಣದೊಂದು ಪೆಟ್ಟಿಗೆ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಮಾಡಿತು, ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದವರು. ಅವರು ತಯಾರಿಸಿದ 128 ಲೈನಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಮಾಡಿದ್ದು ನಮ್ಮ ರಾಜ್ಯದ್ದೇ ಊರಿನಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಪರದೇಶದ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆ ಬೇಕು, ಇದಕ್ಕೆ ಬೇಡ. ಧೂಳು, ಸೆಕೆ, ಕರೆಂಟಿನ ಕಾಟ ಎಲ್ಲ ತಡೆಯುತ್ತಿತ್ತು. ಆಮೇಲೆ ಹೋಬಳಿ ಊರುಗಳಿಗೆಲ್ಲ ಇಂಥ ಪುಟ್ಟ ಎಕ್ಸ್‌ಚೇಂಜುಗಳು ಬಂದವು. ಹಾಸನಕ್ಕೆ 08172, ಹೊಳೆನರಸೀಪುರ ಅರಕಲಗೂಡಿಗೆ 08175, ಚನ್ನರಾಯಪಟ್ಟಣಕ್ಕೆ 08176 ಎಂಬ ಕೋಡುಗಳು ಮಕ್ಕಳ ಬಾಯಿಗೂ ಬಂದವು. ಬಸ್‌ ಸ್ಟ್ಯಾಂಡ್ ಪಕ್ಕ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತು, ಕೆಂಪು ಅಂಕಿ ಓಡುವ ಮೀಟರು, ರಾತ್ರಿ ಹೊತ್ತು ದರ ಕಮ್ಮಿ ಎಂದು ಊಟ ಮುಗಿಸಿ ಬಂದು ಸಾಲು ನಿಲ್ಲುವವರು.

ಊರೂರಿಗೂ ಒಂದು ಪಬ್ಲಿಕ್ ಫೋನು ಕೊಡುವ ಯೋಜನೆಯೂ ಬಂತು. ತಂತಿ ಎಳೆಯುವುದು ಕಷ್ಟವಾದ ಕಡೆ ರೇಡಿಯೋ ಮೂಲಕ ಕೊಟ್ಟರು. ಒಂದು ಕಂಬ, ಅದರ ತುದಿಗೆ ಆಂಟೆನಾ, ಕೆಳಗೆ ಬ್ಯಾಟರಿ. ಎಂ.ಎ.ಆರ್.ಆರ್. ಎಂದು ಅದರ ಹೆಸರು. ದೇಶದ ತುಂಬಾ ಅವು ಕೆಟ್ಟು ನಿಂತದ್ದೇ ಹೆಚ್ಚು, ಕಡೆಗೆ ಸರ್ಕಾರವೇ ಬದಲಾಯಿಸಬೇಕಾಯಿತು. ನಮ್ಮ ಜನ ಮೊದಲ ಸಲ "ಸಿಗ್ನಲ್ ಇಲ್ಲ" ಎಂಬ ಮಾತು ಕಲಿತದ್ದು ಮೊಬೈಲಿನಿಂದಲ್ಲ, ಆ ಕಂಬದಿಂದ.

ಮೊಬೈಲ್ ಬಂದದ್ದು

ಭಾರತದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖ್‌ರಾಮ್ ಅವರ ಜೊತೆ ಮಾತಾಡಿದರು. ಹೊಳೆನರಸೀಪುರ ತಾಲ್ಲೂಕು ಹರದನಹಳ್ಳಿಯಲ್ಲಿ ಹುಟ್ಟಿದ ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿಯಾದಾಗ ದೇಶಕ್ಕೆ ಮೊಬೈಲ್ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಆಗ ನಿಮಿಷಕ್ಕೆ 16 ರೂಪಾಯಿ 80 ಪೈಸೆ ತನಕ ದರ, ಬಂದ ಕರೆಗೂ ದುಡ್ಡು. ಅಷ್ಟು ದುಡ್ಡು ಕೊಟ್ಟು ಮಾತಾಡುವಂಥ ಮಾತು ನಮ್ಮ ಕಡೆ ಯಾರ ಹತ್ತಿರ ಇತ್ತು?

ಕರ್ನಾಟಕದಲ್ಲಿ ಮೊದಲು ಪರವಾನಗಿ ಸಿಕ್ಕಿದ್ದು ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್ ಎಂಬ ಎರಡು ಕಂಪನಿಗೆ. 1999ರಲ್ಲಿ ಜೆ.ಟಿ.ಯವರದನ್ನು ಭಾರ್ತಿಯವರು ಕೊಂಡರು, ಅದೇ ಏರ್‌ಟೆಲ್ ಆಯಿತು. ಸ್ಪೈಸನ್ನು 2008ರಲ್ಲಿ ಐಡಿಯಾ ಕೊಂಡಿತು. ಹಚ್ ಎಂದು ನಾಯಿಮರಿ ತೋರಿಸುತ್ತಿದ್ದ ಕಂಪನಿ 2007ರಲ್ಲಿ ವೊಡಾಫೋನ್ ಆಯಿತು. 2018ರಲ್ಲಿ ವೊಡಾಫೋನೂ ಐಡಿಯಾನೂ ಕೂಡಿಕೊಂಡವು. ಸ್ಪೈಸ್ ಒಳ್ಳೇದೋ ಹಚ್ ಒಳ್ಳೇದೋ ಎಂದು ಟೀ ಅಂಗಡೀಲಿ ಜಗಳ ಆಡಿದ ಭಾವ ಭಾವಮೈದ ಇಬ್ಬರೂ, ಸಿಮ್ಮು ಬದಲಾಯಿಸದೇ ಇದ್ದರೆ, ಇವತ್ತು ಒಂದೇ ಕಂಪನಿಯ ಗಿರಾಕಿಗಳು. ಕಂಪನಿ ಹೆಸರಿನ ಮೇಲೆ ನಿಯತ್ತು ಇಟ್ಟುಕೊಳ್ಳುವುದು ಎಷ್ಟು ಪೊಳ್ಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಳ್ಳಿಯ ಕೈಗೆ ಮೊಬೈಲು ನಿಜವಾಗಿ ಬಂದದ್ದು 2002 ಮತ್ತು 2003ರಲ್ಲಿ. 2000ದ ಅಕ್ಟೋಬರ್ 1ಕ್ಕೆ ದೂರಸಂಪರ್ಕ ಇಲಾಖೆಯ ಸೇವೆ ಬಿ.ಎಸ್.ಎನ್.ಎಲ್. ಆಗಿತ್ತು. 2002ರ ಅಕ್ಟೋಬರಿನಲ್ಲಿ ಅವರ ಸೆಲ್‌ಒನ್ ಬಂತು. ಸಿಮ್ಮಿಗೆ ಅರ್ಜಿ ಹಿಡಿದು ಜನ ಕ್ಯೂ ನಿಂತರು. 2003ರ ಮೇ ತಿಂಗಳಿಂದ ಒಳಬರುವ ಕರೆಗೆ ದುಡ್ಡು ಇಲ್ಲ ಎಂದಾಯಿತು. ಅಲ್ಲಿಂದ ಮಿಸ್ಡ್ ಕಾಲ್ ಎಂಬ ಹೊಸ ವಿದ್ಯೆ ಹುಟ್ಟಿತು. ಒಂದು ರಿಂಗು ಅಂದರೆ ಬಸ್ ಹತ್ತಿದೆ, ಎರಡು ಅಂದರೆ ಇಳಿದೆ, ಬಂದು ಕರ್ಕೊಂಡು ಹೋಗು.

ಇನ್ನೊಂದು ಕಡೆ ರಿಲಯನ್ಸಿನವರು ಸಿ.ಡಿ.ಎಂ.ಎ. ಎಂಬ ಬೇರೆ ಪದ್ಧತಿಯ ಫೋನು ತಂದರು. ಸೆಟ್ಟೂ ಅವರದೇ, ನಂಬರೂ ಅವರದೇ. ಕಂಪನಿ ಬಿಟ್ಟರೆ ಸೆಟ್ಟು ಮೂಲೆಗೆ. ಬಿ.ಎಸ್.ಎನ್.ಎಲ್.ನ ಡಬ್ಲ್ಯು.ಎಲ್.ಎಲ್. ಫೋನೂ ಅದೇ ಜಾತಿಯದು, ಮೇಜಿನ ಮೇಲೆ ಕೂರುವಂಥದ್ದು. ಒಳಗೆ ಸಿಗ್ನಲ್ ಸಾಲದಿದ್ದರೆ ಹೆಂಚಿನ ಮೇಲೆ ಕಂಬ ನೆಟ್ಟು ಆಂಟೆನಾ ಕಟ್ಟಿ, ವೈರು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಟಿ.ವಿ. ಆಂಟೆನಾ ತಿರುಗಿಸಿ ತಿರುಗಿಸಿ "ಈಗ ಬಂತಾ, ಈಗ ಬಂತಾ" ಎಂದು ಕೂಗಿ ಅಭ್ಯಾಸ ಇದ್ದ ನಮಗೆ ಅದು ಹೊಸದೇನೂ ಆಗಲಿಲ್ಲ. ಆಂಟೆನಾ ಎತ್ತರಕ್ಕೆ ಹೋದರೆ ಫೋನು ಕೇಳುತ್ತದೆ ಎಂಬ ಪಾಠ ಮಾತ್ರ ಚೆನ್ನಾಗಿ ತಲೆಗೆ ಹೋಯಿತು. ಆಮೇಲೆ ಬಂದ ಕೈಫೋನುಗಳಲ್ಲಿ ಆಂಟೆನಾ ಒಳಗೆ ಅಡಗಿತು; ಎತ್ತರಕ್ಕೆ ಹತ್ತುವ ಕೆಲಸ ಮನುಷ್ಯನಿಗೇ ಬಿತ್ತು. ಕೆರೆ ಏರಿ ಮೇಲೆ, ದೇವಸ್ಥಾನದ ಜಗಲಿ ಮೇಲೆ, ವಾಟರ್ ಟ್ಯಾಂಕಿನ ಮೆಟ್ಟಿಲ ಮೇಲೆ ನಮ್ಮೂರವರು ಇಪ್ಪತ್ತು ವರ್ಷ ಫೋನು ಹಿಡಿದು ನಿಂತಿದ್ದಾರೆ.

ಗುಂಡಿ, ದಿಣ್ಣೆ, ತೋಟ

ಈಗ ಮುಖ್ಯ ಮಾತಿಗೆ ಬರುತ್ತೇನೆ. "ಯಾವ ಕಂಪನಿ ಒಳ್ಳೇದು?" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. "ನಮ್ಮ ಮನೆಗೆ ಯಾವ ಕಂಪನಿ ಒಳ್ಳೇದು?" ಎಂದು ಕೇಳಿದರೆ ಉತ್ತರ ಉಂಟು. ಅದು ಕಂಪನಿಯ ಜಾಹೀರಾತಿನಲ್ಲಿಲ್ಲ, ನಮ್ಮ ನೆಲದಲ್ಲಿದೆ.

ಟವರಿನಿಂದ ಬರುವ ರೇಡಿಯೋ ಅಲೆ ಹೆಚ್ಚು ಕಡಿಮೆ ದೀಪದ ಬೆಳಕಿನ ಹಾಗೆ. ಅಡ್ಡ ಗುಡ್ಡ ಬಂದರೆ ಹಿಂದೆ ನೆರಳು. ಚನ್ನರಾಯಪಟ್ಟಣದ ಕಡೆ ಬಯಲು ಸೀಮೆ, ಅಲೆ ದೂರ ಹೋಗುತ್ತದೆ. ಅಲ್ಲಿ ಕಾಟ ಕೊಡುವುದು ತೆಂಗಿನ ತೋಟ. ಮಳೆ ಬಿದ್ದು ನೆನೆದ ಗರಿ, ಒಣಗಿದ ಗರಿಗಿಂತ ಹೆಚ್ಚು ಅಲೆ ಕುಡಿಯುತ್ತದೆ. ಹೊಳೆನರಸೀಪುರದ ಕಡೆ ಹೇಮಾವತಿಯ ಇಳಿಜಾರು, ಅರಕಲಗೂಡಿನ ರಾಮನಾಥಪುರ ಕೊಣನೂರಿನ ಕಡೆ ಕಾವೇರಿಯ ಇಳಿಜಾರು. ಅರಕಲಗೂಡಿನ ಪಡುವಲಿಗೆ ಹೋದರೆ ಕೊಡಗಿನ ಅಂಚು, ದಿಣ್ಣೆ ಹಳ್ಳ ದಿಣ್ಣೆ. ಅಲ್ಲಿ ಮೇಲಿನ ಕೇರಿಗೆ ಸಿಕ್ಕಿದ್ದು ಕೆಳಗಿನ ಕೇರಿಗೆ ಸಿಗುವುದಿಲ್ಲ. ನಮ್ಮೂರಿನಲ್ಲೇ ನೋಡಿ, ಡೇರಿ ಹತ್ತಿರ ಎಲ್ಲ ಸಿಮ್ಮೂ ನಡೆಯುತ್ತದೆ, ಹಳ್ಳದ ದಿಕ್ಕಿನ ಮನೆಗಳಲ್ಲಿ ಒಂದು ನಡೆದರೆ ಹೆಚ್ಚು.

ಎರಡನೆಯದು ಅಲೆಯ ಜಾತಿ. ಕಂಪನಿಗಳು ಸರ್ಕಾರದಿಂದ ಹರಾಜಿನಲ್ಲಿ ಕೊಂಡ ಅಲೆಗಳು ಬೇರೆ ಬೇರೆ. 700, 850, 900 ಮೆಗಾಹರ್ಟ್ಸ್‌ನವು ದೂರ ಹೋಗುತ್ತವೆ, ಗೋಡೆಯನ್ನೂ ಒಂದಿಷ್ಟು ಹಾಯುತ್ತವೆ. 1800, 2100, 2300ರವು ಹೆಚ್ಚು ಮಾಹಿತಿ ಹೊರುತ್ತವೆ, ಆದರೆ ಬೇಗ ಸುಸ್ತಾಗುತ್ತವೆ. ಪೇಟೆಯಲ್ಲಿ ಗಲ್ಲಿಗೊಂದು ಟವರು, ಯಾವುದಾದರೂ ಆದೀತು. ಟವರಿನಿಂದ ಮೂರು ನಾಲ್ಕು ಕಿ.ಮೀ. ದೂರದ ತೋಟದ ಮನೆಯವರಿಗೆ ಕೆಳಗಿನ ಅಲೆ ಹಚ್ಚಿರುವ ಟವರೇ ಗತಿ.

ಮೂರನೆಯದು ಮನೆ. ಹಳೇ ಕರಿಹೆಂಚಿನ ಮನೆಯಲ್ಲಿ ಅಲೆ ಹೆಂಚಿನ ಮೂಲಕ ಇಳಿಯುತ್ತಿತ್ತು. ಆರ್.ಸಿ.ಸಿ. ಹಾಕಿಸಿದ ಮೇಲೆ ಕಬ್ಬಿಣದ ಸರಳಿನ ಜಾಲರಿ ಅದನ್ನು ತಡೆಯುತ್ತದೆ. ಜಿಂಕ್ ಶೀಟಿನ ಕೊಟ್ಟಿಗೆಯಂತೂ ಮುಚ್ಚಿದ ಡಬ್ಬ. "ಮನೆ ಕಟ್ಟಿಸಿದ ಮೇಲೆ ಟವರ್ ಹೋಯ್ತು" ಎಂದು ಬಹಳ ಜನ ಹೇಳುತ್ತಾರೆ. ಟವರು ಎಲ್ಲೂ ಹೋಗಿರುವುದಿಲ್ಲ.

ನಾಲ್ಕನೆಯದು ಕರೆಂಟು. ಟವರೂ ಕರೆಂಟಿನಲ್ಲೇ ಓಡುವುದು. ಲೈನ್ ಹೋದರೆ ಬ್ಯಾಟರಿ, ಬ್ಯಾಟರಿ ಇಳಿದರೆ ಡೀಸೆಲ್ ಜನರೇಟರ್. ಡೀಸೆಲ್ ಇಲ್ಲದಿದ್ದರೆ ಊರೆಲ್ಲ ಮೂಕ. 2018, 2019ರ ಹೊತ್ತಿಗೆ ಬಿ.ಎಸ್.ಎನ್.ಎಲ್. ಸಾಲದಲ್ಲಿ ಮುಳುಗಿ, ದೇಶದ ಹಲವು ಕಡೆ ಕರೆಂಟ್ ಬಿಲ್ಲು ಡೀಸೆಲ್ಲಿಗೂ ತಾಪತ್ರಯವಾಗಿತ್ತು. 2020ರ ಜನವರಿ ಕೊನೆಯಲ್ಲಿ 78 ಸಾವಿರಕ್ಕೂ ಹೆಚ್ಚು ನೌಕರರು ಒಂದೇ ದಿನ ಸ್ವಯಂ ನಿವೃತ್ತಿ ಪಡೆದರು. ಆದ್ದರಿಂದ ಸಿಮ್ಮು ಪರೀಕ್ಷೆ ಮಾಡುವವರು ಕರೆಂಟ್ ಇಲ್ಲದ ಸಂಜೆಯಲ್ಲೂ ಒಂದು ಸಲ ಮಾಡಬೇಕು.

ಪರೀಕ್ಷೆ ಹೇಗೆ? ಇದಕ್ಕೆ ದುಡ್ಡು ಬೇಕಿಲ್ಲ. ಮನೆಗೆ ನೆಂಟರು ಬಂದಾಗ ಅವರ ಫೋನಿನಲ್ಲಿ ಯಾವ ಸಿಮ್ಮಿದೆ ಕೇಳಿ, ಅಡಿಗೆ ಮನೆ, ನಡುಮನೆ, ಕೊಟ್ಟಿಗೆ ಮೂರು ಕಡೆಯಿಂದಲೂ ಕರೆ ಮಾಡಿಸಿ. ನಿಮ್ಮ ಫೋನಿನಲ್ಲಿ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಎಂದು ಬರುತ್ತಿದ್ದರೆ ಸಾಮಾನ್ಯವಾಗಿ ಅದರ ಅರ್ಥ, ನಿಮ್ಮ ಕಂಪನಿಯ ಟವರು ಸಿಗುತ್ತಿಲ್ಲ, ಆದರೆ ಬೇರೆ ಯಾವುದೋ ಕಂಪನಿಯದು ಅಲ್ಲಿಗೆ ಬರುತ್ತಿದೆ ಎಂದು. ಯಾವುದು ಅಂತ ಪಕ್ಕದ ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ. 112ಕ್ಕೆ ಕರೆ ಮಾತ್ರ ಆಗಲೂ ಹೋಗುತ್ತದೆ.

ಫೋನಿನ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದು ಆಯಾ ಸೆಟ್ಟು ಮಾಡಿದವರ ಮರ್ಜಿ. 2010ರಲ್ಲಿ ಅಮೆರಿಕದ ಆಪಲ್ ಕಂಪನಿಯ ಐಫೋನ್ 4 ಎಂಬ ದುಬಾರಿ ಸೆಟ್ಟನ್ನು ಎಡಗಡೆ ಕೆಳಮೂಲೆ ಮುಚ್ಚುವಂತೆ ಹಿಡಿದರೆ ಸಿಗ್ನಲ್ ಬೀಳುತ್ತಿತ್ತು. ಗಲಾಟೆಯಾದಾಗ ಕಂಪನಿಯೇ, ಇರುವುದಕ್ಕಿಂತ ಹೆಚ್ಚು ಕಡ್ಡಿ ತೋರಿಸುತ್ತಿದ್ದೆವು ಎಂದು ಒಪ್ಪಿಕೊಂಡಿತು, ಗಿರಾಕಿಗಳಿಗೆ ಪುಕ್ಕಟೆ ಕವಚ ಕೊಟ್ಟಿತು. ಆಂಡ್ರಾಯ್ಡ್ ಫೋನಿದ್ದವರು ಸೆಟ್ಟಿಂಗಿನಲ್ಲಿ 'ಅಬೌಟ್ ಫೋನ್', ಅದರೊಳಗೆ ಸಿಮ್ ಸ್ಟೇಟಸ್ ನೋಡಿದರೆ ಡಿ.ಬಿ.ಎಂ. ಎಂದು ಒಂದು ಅಂಕಿ ಸಿಗುತ್ತದೆ. ಮೈನಸ್ ಅಂಕಿ, ಹಾಗಾಗಿ ಸಣ್ಣದಿದ್ದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಮೈನಸ್ 115 ದಾಟಿದರೆ ಮಾತು ಕಡಿದು ಹೋಗುತ್ತದೆ.

ಎರಡೂ ಕಡೆಯವರಿಗೆ ಒಂದೇ ಥರ ಕೇಳುವುದಿಲ್ಲ ಏಕೆ ಎಂದು ಕೇಳುವವರಿದ್ದಾರೆ. ಟವರಿನ ದನಿ ದೊಡ್ಡದು, ನಮ್ಮ ಸೆಟ್ಟಿನ ದನಿ ಸಣ್ಣದು. ಹಳೇ 2ಜಿ ಸೆಟ್ಟು 900ರಲ್ಲಿ ಹೆಚ್ಚೆಂದರೆ 2 ವ್ಯಾಟ್ ಕೂಗಬಲ್ಲದಾಗಿತ್ತು, 4ಜಿ ಸೆಟ್ಟಿನ ಮಿತಿ ಸುಮಾರು 0.2 ವ್ಯಾಟ್. ಇಷ್ಟರಿಂದಲೇ 4ಜಿ ಕಳಪೆ ಎನ್ನಲಾಗದು, ಅದರ ಕಿವಿ ಚುರುಕು. ಆದರೆ "ಅವರು ಮಾತಾಡಿದ್ದು ನಂಗೆ ಕೇಳ್ತದೆ, ನಾನು ಮಾತಾಡಿದ್ದು ಅವ್ರಿಗೆ ಕೇಳಲ್ಲ" ಎಂಬ ಗೋಳಿಗೆ ಬಹುಮಟ್ಟಿಗೆ ಇದೇ ಕಾರಣ.

ಸೆಟ್ಟಿನ ಕತೆ

ಸೆಟ್ಟುಗಳಲ್ಲಿ ನಮ್ಮ ಸೀಮೆಯವರು ಮನಸಾರೆ ಮೆಚ್ಚಿದ್ದು 2003ರಲ್ಲಿ ಬಂದ ನೋಕಿಯಾ 1100. ತಲೆಯ ಮೇಲೆ ಟಾರ್ಚು, ಧೂಳು ಹೋಗದ ರಬ್ಬರ್ ಗುಂಡಿ. ರಾತ್ರಿ ಪಂಪ್‌ಸೆಟ್ಟಿಗೆ ಹೋಗುವವನಿಗೆ ಟಾರ್ಚಿನ ದುಡ್ಡು ಉಳಿಯಿತು. ಲೋಕದ ತುಂಬ 25 ಕೋಟಿಯಷ್ಟು ಮಾರಾಟವಾದ ಸೆಟ್ಟು ಅದು. ಆಮೇಲೆ ಚೈನಾ ಸೆಟ್ಟುಗಳು ಬಂದವು. ನಾಲ್ಕು ಸ್ಪೀಕರು, ಎರಡು ಸಿಮ್ಮು, ಗದ್ದೆಯಲ್ಲಿ ಹಾಕಿದರೆ ಊರಿಗೆ ಕೇಳುವ ಹಾಡು. ಐ.ಎಂ.ಇ.ಐ. ನಂಬರೇ ಇಲ್ಲದ ಅಂಥ ಸೆಟ್ಟುಗಳನ್ನು 2009ರ ನವೆಂಬರ್ ಕೊನೆಗೆ ಸರ್ಕಾರ ಬಂದ್ ಮಾಡಿಸಿತು. ಹಳೇ ಸೆಟ್ಟು ಕೊಳ್ಳುವವರು ಈಗಲೂ *#06# ಒತ್ತಿ ಆ ನಂಬರು ನೋಡಿಕೊಳ್ಳುವುದು ಒಳ್ಳೆಯದು.

2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಅದರಲ್ಲಿ 2ಜಿ ಇಲ್ಲ, ಮಾತೂ 4ಜಿಯಲ್ಲೇ, ವೋಲ್ಟೆ ಎಂಬ ಪದ್ಧತಿಯಲ್ಲಿ. ಹಳೇ ಕೀಪ್ಯಾಡ್ ಸೆಟ್ಟಿಗೆ ಆ ಸಿಮ್ಮು ಹಾಕಿದರೆ ಕಲ್ಲಿಗೆ ಹಾಕಿದ ಹಾಗೆ. 2017ರಲ್ಲಿ 1500 ರೂಪಾಯಿ ಡಿಪಾಜಿಟ್ಟಿನ ಜಿಯೋಫೋನ್ ತಂದದ್ದು ಅದಕ್ಕೇ. ಏರ್‌ಟೆಲ್, ವಿ.ಐ., ಬಿ.ಎಸ್.ಎನ್.ಎಲ್. ಇನ್ನೂ 2ಜಿ ಇಟ್ಟುಕೊಂಡಿವೆ. ಮುದುಕರಿಗೆ ಗುಂಡಿ ಸೆಟ್ಟು ಕೊಡಿಸುವವರು ಸಿಮ್ಮು ಮೊದಲು ನೋಡಿ, ಆಮೇಲೆ ಸೆಟ್ಟು ತನ್ನಿ. ಅಮೆರಿಕದಿಂದ ಮಗ ತಂದುಕೊಟ್ಟ ಸೆಟ್ಟು ಎಂದು ಹಿಗ್ಗುವವರಿಗೂ ಒಂದು ಮಾತು: ಆ ದೇಶದ ಅಲೆಗಳು ಬೇರೆ. ಪೆಟ್ಟಿಗೆಯ ಮೇಲೆ ಬ್ಯಾಂಡ್ 3, 5, 8, 40 ಎಂಬ ಅಂಕಿಗಳಿವೆಯೇ ನೋಡಿ. ಬಿ.ಎಸ್.ಎನ್.ಎಲ್. ಹಾಕುವವರಿಗೆ 28 ಸಹ ಇರಬೇಕು. 2025ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಉದ್ಘಾಟನೆಯಾದ ಅವರ 4ಜಿ 700ರ ಅಲೆಯನ್ನೂ ಬಳಸುತ್ತದೆ, ಅದೇ 28. ದುಬಾರಿ ಸೆಟ್ಟಿಗೆ ಟವರ್ ಚೆನ್ನಾಗಿ ಸಿಗುತ್ತದೆ ಎಂಬುದು ಬರೀ ನಂಬಿಕೆ. ಹಿಂದೆ ಲೋಹದ ಕವಚ ಹಾಕಿಕೊಂಡು ಸಿಗ್ನಲ್ ಇಲ್ಲ ಎನ್ನುವವರನ್ನೂ ನೋಡಿದ್ದೇನೆ. ಇನ್ನು ಪೇಟೆಯಲ್ಲಿ ಸಿಗುವ ಬೂಸ್ಟರ್ ಪೆಟ್ಟಿಗೆ. ಅದನ್ನು ಅನುಮತಿಯಿಲ್ಲದೆ ಹಾಕುವುದು ಕಾನೂನಿಗೆ ವಿರುದ್ಧ, ಪಕ್ಕದ ಮನೆಯವರ ಸಿಗ್ನಲ್ಲನ್ನೂ ಕೆಡಿಸುತ್ತದೆ.

ಕಂಪನಿ ಬದಲಾಯಿಸಲು ನಂಬರು ಬಿಡಬೇಕಿಲ್ಲ. 2011ರ ಜನವರಿ 20ರಿಂದ ದೇಶಕ್ಕೆಲ್ಲ ಆ ಸೌಕರ್ಯ ಇದೆ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು ನಂಬರು ಸೇರಿಸಿ 1900ಕ್ಕೆ ಮೆಸೇಜ್ ಕಳಿಸಿದರೆ ಗುಪ್ತ ಸಂಖ್ಯೆ ಬರುತ್ತದೆ. ಒಂದು ಕಂಪನಿಯಲ್ಲಿ 90 ದಿನ ಇರಲೇಬೇಕು. ನನ್ನ ಅನುಭವ ಹೇಳಬೇಕೆಂದರೆ, ಒಂದು ಕಂಪನಿಯ ಅಂಗಡಿಯವನು "ನಿಮ್ಮೂರಿಗೆ ಫುಲ್ ಟವರ್ ಸಾರ್" ಎಂದು ಪೋರ್ಟ್ ಮಾಡಿಕೊಟ್ಟ; ಫುಲ್ ಇದ್ದದ್ದು ಊರ ಬಾಗಿಲ ತನಕ. ಆ 90 ದಿನ ನಾನೂ ಏರಿ ಮೇಲೆ ಗಾಳಿ ಕುಡಿದೆ. 2025ರ ಏಪ್ರಿಲ್‌ನಿಂದ ಕಂಪನಿಗಳು ಎಲ್ಲೆಲ್ಲಿ ಸಿಗ್ನಲ್ ಇದೆ ಎಂಬ ನಕಾಶೆಯನ್ನು ಕಡ್ಡಾಯವಾಗಿ ಪ್ರಕಟಿಸಬೇಕೆಂದು ಟ್ರಾಯ್ ನಿಯಮ ಮಾಡಿದೆ. ನೋಡಿಕೊಳ್ಳಿ, ಆದರೆ ನಕಾಶೆಗೆ ನಿಮ್ಮ ಮನೆ ಆರ್.ಸಿ.ಸಿ.ಯೋ ಹೆಂಚೋ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಏಕೆ ಬೇಕು ಎಂದು ಕೇಳಬಹುದು. ಮೊದಲೆಲ್ಲ ಸಿಗ್ನಲ್ ಇಲ್ಲದಿದ್ದರೆ ತಪ್ಪುತ್ತಿದ್ದದ್ದು ಕ್ಷೇಮ ಸಮಾಚಾರ. ಈಗ ತಪ್ಪುವುದು ದುಡ್ಡು. ಹಾಲಿನ ಬಟವಾಡೆ, ಲೀಟರಿನ ಪ್ರೋತ್ಸಾಹಧನ ಬ್ಯಾಂಕ್ ಖಾತೆಗೆ. ಬಂತೋ ಇಲ್ಲವೋ ತಿಳಿಯುವುದು ಮೆಸೇಜಿನಲ್ಲಿ. ರೇಷನ್ನಿಗೆ ಬೆರಳು ಒತ್ತಿದರೆ ಮಿಷನ್ನು ಸರ್ವರ್ ಹುಡುಕುತ್ತದೆ. ಬೆಳೆ ಸಮೀಕ್ಷೆ ಆ್ಯಪಿನಲ್ಲಿ. ಎಲ್ಲದಕ್ಕೂ ಒಂದು ಓ.ಟಿ.ಪಿ., ಅದಕ್ಕೆ ಕೆಲವೇ ನಿಮಿಷದ ಆಯಸ್ಸು. ಹಳ್ಳದ ದಿಕ್ಕಿನ ಮನೆಯ ಒಬ್ಬ ಅಜ್ಜಿ ಒಂದು ದಿನ ಡೇರಿ ಕಟ್ಟೆ ಮೇಲೆ ಕೂತಿದ್ದರು. "ಏನಜ್ಜಿ, ಹಾಲು ಹಾಕಿ ಆಯ್ತಲ್ಲ, ಇನ್ನೂ ಕೂತಿದ್ದೀರಾ?" ಎಂದರು ಕಾರ್ಯದರ್ಶಿ. "ಅದೇನೋ ನಂಬರ್ ಬತ್ತದಂತಲ್ಲಪ್ಪ, ಬ್ಯಾಂಕಿನೋರು ಕಳಿಸ್ತಾರಂತೆ. ಮನೇಲಿ ಕೂತ್ರೆ ಬರಾಕಿಲ್ಲ. ಇಲ್ಲಿ ಬತ್ತದೆ, ಆದ್ರೆ ಯಾವಾಗ ಅಂತ ಗೊತ್ತಿಲ್ಲ ಕಣಪ್ಪ" ಎಂದರು. 2020ರ ಕೊರೋನಾ ಕಾಲದಲ್ಲಿ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿದ್ದು ಎಲ್ಲರಿಗೂ ನೆನಪಿದೆ. ಆಲೂರು ಸಕಲೇಶಪುರದ ಕಡೆ ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೇ ಸುದ್ದಿ ಕಳಿಸುತ್ತದೆ. ಅಲ್ಲಿ ಸಿಗ್ನಲ್ ಎಂದರೆ ಪ್ರಾಣ. 2008ರಲ್ಲಿ ಬಂದ 108 ಆಂಬುಲೆನ್ಸಿಗೂ ಮೊದಲು ಕರೆ ಹೋಗಬೇಕು.

ಲಾಭದ ಮಾತೂ ಇದೆ. ನಮ್ಮ ಕನ್ನಡದವರೇ ಇರುವ ಕಾಸರಗೋಡು, ಅದರ ಕೆಳಗಿನ ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳಲ್ಲಿ 1997ರಿಂದ 2001ರವರೆಗೆ ಮೊಬೈಲ್ ಬಂದಾಗ ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಬೂತಾಯಿ ಮೀನಿನ ಪೇಟೆ ಅಧ್ಯಯನ ಮಾಡಿದರು. ಅದಕ್ಕೆ ಮುಂಚೆ ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಸುರಿಯುತ್ತಿದ್ದರೆ, ಹದಿನೈದು ಕಿ.ಮೀ.ಯೊಳಗೆ ಮೀನಿಲ್ಲದೆ ಬರಿಗೈಲಿ ಹೋಗುವವರಿದ್ದರು. ದೋಣಿಯಿಂದಲೇ ಫೋನು ಮಾಡಿ ರೇಟು ಕೇಳುವಂತಾದ ಮೇಲೆ ಮೀನು ಚೆಲ್ಲುವುದು ನಿಂತಿತು, ದರ ಒಂದು ಸಮಕ್ಕೆ ಬಂತು. ಹಾಸನದ ಮಾರುಕಟ್ಟೆಗೆ ಆಲೂಗಡ್ಡೆ, ರಾಮನಾಥಪುರದ ಹರಾಜಿಗೆ ಹೊಗೆಸೊಪ್ಪು ಸಾಗಿಸುವ ನಮ್ಮವರು ಗಾಡಿ ಹೊರಡಿಸುವ ಮೊದಲು ಫೋನು ಮಾಡುವುದೂ ಇದೇ ಲೆಕ್ಕ.

ಸಹಕಾರಿಗಳಾದ ನಮಗೆ ಇನ್ನೊಂದು ಚರಿತ್ರೆ ತಿಳಿದಿರಬೇಕು. ಅಮೆರಿಕದಲ್ಲಿ ಸುಮಾರು 1900ರ ಹೊತ್ತಿಗೆ ದೊಡ್ಡ ಕಂಪನಿ ಹಳ್ಳಿಗೆ ತಂತಿ ಎಳೆಯಲು ಒಪ್ಪದಿದ್ದಾಗ, ರೈತರು ಹೊಲದ ಬೇಲಿಯ ಮುಳ್ಳುತಂತಿಗೇ ಫೋನು ಕಟ್ಟಿಕೊಂಡು ಮಾತಾಡಿದರು. 1949ರಲ್ಲಿ ಅವರ ಸರ್ಕಾರ ಗ್ರಾಮೀಣ ಟೆಲಿಫೋನಿಗೆ ಸಾಲ ಕೊಡುವ ಕಾನೂನು ತಂದ ಮೇಲೆ ಟೆಲಿಫೋನ್ ಸಹಕಾರ ಸಂಘಗಳು ಬೆಳೆದವು, ಇವತ್ತಿಗೂ ನಡೆಯುತ್ತಿವೆ. ನಮ್ಮಲ್ಲೂ ಹುಕ್ಕೇರಿಯವರು 1969ರಲ್ಲಿ ವಿದ್ಯುತ್ತಿಗೇ ಸಹಕಾರ ಸಂಘ ಮಾಡಿದರು. ಹಾಲಿಗೆ, ಸಾಲಕ್ಕೆ, ಗೊಬ್ಬರಕ್ಕೆ ಕೂಡಿದ ನಾವು ಸಿಮ್ಮು ಕೊಳ್ಳುವಾಗ ಮಾತ್ರ ಒಬ್ಬೊಬ್ಬರೇ ಪೇಟೆಗೆ ಹೋಗಿ, ಅಂಗಡಿಯವನು ಹೇಳಿದ್ದನ್ನು ಕೇಳಿಕೊಂಡು ಬರುತ್ತೇವೆ. ಟವರ್ ಹಾಕಿಸುವುದು ನಮ್ಮ ಕೈಲಿಲ್ಲ, ನಿಜ. ಆದರೆ ಯಾವ ಕೇರಿಯಲ್ಲಿ ಯಾವ ಸಿಮ್ಮು ನಡೆಯುತ್ತದೆ ಎಂಬುದು ನಮಗಲ್ಲದೆ ಇನ್ಯಾರಿಗೂ ಗೊತ್ತಿಲ್ಲ.

ಹೋದ ತಿಂಗಳು ಹಾಲು ಹಾಕಲು ಬಂದ ಸದಸ್ಯರನ್ನೇ ಕೇಳಿ ಕೇಳಿ, ಮನೆ ಸಿಮ್ಮು ಯಾವುದು, ಒಳಗೆ ಕೇಳುತ್ತದೋ ಹೊರಗೋ, ಕರೆಂಟ್ ಹೋದಾಗ ಹೇಗೆ ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆಸಿದ್ದೇವೆ. ಹಳ್ಳದ ದಿಕ್ಕಿನ ಮನೆಗಳ ಹಾಳೆ ಬಹುತೇಕ ಖಾಲಿ ಇದೆ. ಅದರ ನಕಲು ಪಂಚಾಯ್ತಿಗೂ ಕಂಪನಿಗಳಿಗೂ ಸಂಘದ ಮೊಹರು ಹಾಕಿ ಕಳಿಸುವ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯ ಪಟ್ಟಿಯಲ್ಲಿ ಸೇರಿಸಬೇಕೆಂದು ಕಾರ್ಯದರ್ಶಿಯವರಿಗೆ ಬರೆದು ಕೊಟ್ಟಿದ್ದೇನೆ. ಪುಸ್ತಕ ಡೇರಿಯ ಮೇಜಿನ ಮೇಲಿದೆ, ಇನ್ನೂ ಹೇಳದೇ ಇರುವವರು ಬಂದು ಬರೆಸಬಹುದು.